ಕೆನ್ನೆ ತುಂಬಿದ ಮುಖ

ಪಿತೃಪಕ್ಷ ಬಂತೆಂದರೆ ಪಾಂಡವಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿರುವ ಮಹದೇವಸ್ವಾಮಿಯ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಸತ್ತವರದ್ದೇ ಸಂತೆ. ವರ್ಷವಿಡೀ ಗೋಡೆಯ ಮೇಲೆ ಧೂಳು ಕುಡಿಯುತ್ತಾ ಕೂತಿದ್ದ ಅಜ್ಜಂದಿರು, ಮುತ್ತಜ್ಜಿಯರು, ಅಕಾಲದಲ್ಲಿ ಹೋದ ಅಣ್ಣತಮ್ಮಂದಿರು ಎಲ್ಲರೂ ಆ ಹದಿನೈದು ದಿನಗಳಲ್ಲಿ ಕೆಳಗಿಳಿದು, ಟವಲಿನಲ್ಲಿ ಸುತ್ತಿಸಿಕೊಂಡು, ಬಸ್ಸು ಬೈಕು ಹತ್ತಿ ಬಂದುಬಿಡುತ್ತಾರೆ. ನಾಗಮಂಗಲದವರೊಬ್ಬರ ಗಾಜು ಒಡೆದಿರುತ್ತದೆ, ಸಿಂಧಘಟ್ಟದವರೊಬ್ಬರಿಗೆ ಗೆದ್ದಲು ಹಿಡಿದಿರುತ್ತದೆ, ಇನ್ನೊಬ್ಬರ ಮುಖದ ಮೇಲೆ ಹಲ್ಲಿ ಮೊಟ್ಟೆಯಿಟ್ಟಿರುತ್ತದೆ. ಅಮಾವಾಸ್ಯೆಯ ಹೊತ್ತಿಗೆ ಎಲ್ಲರೂ ಹೊಸ ಕಟ್ಟಿನೊಳಗೆ ಥಳಥಳ ಅನ್ನಬೇಕು. ಯಾಕೆಂದರೆ ಅವತ್ತು ಅವರ ಮುಂದೆ ಎಲೆ ಹಾಕಿ, ಅವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಬಡಿಸಿ, ಹೊಸ ಪಂಚೆ ಸೀರೆ ಇಟ್ಟು, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ಕೂರಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಅದೇ ಎಡೆ. ಬೇರೆ ಹಬ್ಬ ತಪ್ಪಿದರೂ ತಪ್ಪೀತು, ಈ ಸೀಮೆಯಲ್ಲಿ ಎಡೆ ತಪ್ಪಿಸುವ ಧೈರ್ಯ ಯಾರಿಗೂ ಇಲ್ಲ.

ಮಹದೇವಸ್ವಾಮಿಗೆ ಅರವತ್ತೊಂದು. ನಲವತ್ತು ವರ್ಷದಿಂದ ಸತ್ತವರ ಮುಖ ಒರೆಸಿ ಒರೆಸಿ ಅವನಿಗೆ ಬದುಕಿರುವವರ ಮೇಲೆ ಸ್ವಲ್ಪ ಅಸಡ್ಡೆ ಬಂದುಬಿಟ್ಟಿತ್ತು. ಗಿರಾಕಿಗಳ ಹತ್ತಿರ ಸಿಡುಕುತ್ತಿದ್ದ, ಫೋಟೋಗಳ ಹತ್ತಿರ ಮೆತ್ತಗೆ ಮಾತಾಡುತ್ತಿದ್ದ. ಅಂಗಡಿಯನ್ನು ಇಟ್ಟವರು ಅವರಪ್ಪ, ಪೇಂಟರ್ ಮರಿಸ್ವಾಮಿ. ಅವರು ಹೋಗಿ ಇಪ್ಪತ್ತು ವರ್ಷವಾಗಿತ್ತು. ಕಪ್ಪುಬಿಳುಪು ಫೋಟೋಗೆ ಬಣ್ಣ ಹಚ್ಚುವುದರಲ್ಲಿ, ಬರಿಮೈಯಲ್ಲಿ ಸತ್ತವನಿಗೆ ಕೋಟು ತೊಡಿಸುವುದರಲ್ಲಿ, ಹೆಣದ ಮುಚ್ಚಿದ ಕಣ್ಣನ್ನು ತೆರೆಸುವುದರಲ್ಲಿ ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಅವರಿಗೆ ಜೋಡಿಯಿರಲಿಲ್ಲ. ಮಗನಿಗೆ ಆ ಕೈ ಬರಲಿಲ್ಲ. ಮಗ ಬರೀ ಮರ ಕತ್ತರಿಸುವವನು, ಗಾಜು ಕೂರಿಸುವವನು.

ಶನಿವಾರ ಬೆಳಿಗ್ಗೆ ಕ್ಯಾತನಹಳ್ಳಿಯ ಬೈರಮ್ಮ ಬಂದಳು. ಎಪ್ಪತ್ತನಾಲ್ಕರ ಮುದುಕಿ, ಬೆನ್ನು ಇನ್ನೂ ಬಾಗಿಲ್ಲ, ನಾಲಿಗೆಯಂತೂ ಬಾಗುವ ಲಕ್ಷಣವೇ ಇಲ್ಲ. ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದವಳು ಮೊಮ್ಮಗಳು ರಂಜಿತ. ಆ ಹುಡುಗಿ ಕೆ.ಆರ್.ಪೇಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ಬೈರಮ್ಮ ಎದೆಗೆ ಅವುಚಿಕೊಂಡಿದ್ದ ಹೊಸ ಟವಲನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟದ್ದು ಅವಳಪ್ಪ ಕುಳ್ಳಯ್ಯನ ಪಟವನ್ನು.

"ನೋಡಪ್ಪ ಮಾದೇವ, ನಮ್ಮಪ್ಪಂಗೆ ಗೆದ್ದಲು ಅತ್ಬುಟ್ಟದೆ. ನಿಮ್ಮಪ್ಪನೇ ಮಾಡ್ಕೊಟ್ಟಿದ್ದು ಇದು, ನನ್ ಮದ್ವೆ ವರ್ಸ. ಐವತ್ತೇಳು ವರ್ಸಾಯ್ತು. ಮೊಕಕ್ಕೇನೂ ಆಗ್ದಂಗೆ ಸರಿ ಮಾಡ್ಕೊಡು."

ಮಹದೇವಸ್ವಾಮಿ ಕನ್ನಡಕ ಏರಿಸಿ ನೋಡಿದ. ಊದುಬತ್ತಿಯ ಹೊಗೆ ಕುಡಿದು ಗಾಜು ಕಂದಿತ್ತು. ಒಳಗೆ ಬಿಳಿ ಪೇಟ, ಇಳಿಬಿದ್ದ ಮೀಸೆ, ಹಣೆಯಲ್ಲಿ ವಿಭೂತಿ, ಕಿವಿಯಲ್ಲಿ ಒಂಟಿ, ಕತ್ತಿನಲ್ಲಿ ಅಂಗವಸ್ತ್ರ, ಕೈಯಲ್ಲಿ ಬಾರುಕೋಲು ಹಿಡಿದ ಗುಂಡು ಮುಖದ ಆಳು. ಹಿಂದಿನ ರಟ್ಟನ್ನು ಗೆದ್ದಲು ಅರ್ಧ ತಿಂದಿತ್ತು.

"ಆಯ್ತದೆ ಕಣವ್ವ. ಬುಧವಾರ ಅಮಾಸೆ. ಅವತ್ತು ಮಧ್ಯಾನಕ್ಕೆ ಬಂದು ತಗಂಡೋಗು."

"ಮಧ್ಯಾನ ಅಂದ್ರೆ ಆಗಕಿಲ್ಲ. ಮಂಗಳವಾರ ಸಂಜೆಗೆ ಕೊಟ್ಬುಡು. ಬ್ಯಾರೆ ಮನೆಯೋರಂಗೆ ನಾವು ಸಾಯಂಕಾಲ ಎಡೆ ಇಕ್ಕಲ್ಲ. ಒತ್ತುಟ್ಟೋಕ್ ಮುಂಚೆ ನಮ್ಮಪ್ಪಂಗೆ ಬಿಸಿ ಮುದ್ದೆ ಇಕ್ಬೇಕು. ಬಾಡು, ಕಜ್ಜಾಯ, ವಡೆ ಎಲ್ಲಾ ಆಮ್ಯಾಕೆ."

"ಅದ್ಯಾಕವ್ವ ಅಂಗೆ?"

"ನಂಗೇನ್ ಗೊತ್ತಪ್ಪ. ನಮ್ಮವ್ವ ಮಾಡ್ಕಬಂದ್ಲು, ನಾನು ಮಾಡ್ಕಬತ್ತಾ ಇವ್ನಿ. ಕೇಳುದ್ರೆ ನಮ್ಮವ್ವ ಬಯ್ಯೋಳು." ಆಮೇಲೆ ಪಟದ ಕಡೆಗೆ ಬಗ್ಗಿ, ಗಾಜಿನ ಮೇಲೆ ಬೆರಳಿಟ್ಟು, "ನಾಕು ದಿನ ಇಲ್ಲೇ ಇರಪ್ಪ. ಬಂದು ಕರ್ಕೊಂಡೋಯ್ತೀನಿ" ಎಂದಳು. ರಂಜಿತ ಬೇರೆ ಕಡೆ ನೋಡಿದಳು. ಮಹದೇವಸ್ವಾಮಿ ನೋಡಲಿಲ್ಲ. ಅವನಿಗೆ ಇಂಥದ್ದು ಅಭ್ಯಾಸ.

ಬೈರಮ್ಮ ಅಪ್ಪನನ್ನು ಕಂಡವಳಲ್ಲ. ಅವಳು ಹೊಟ್ಟೆಯಲ್ಲಿ ಮೂರು ತಿಂಗಳಿದ್ದಾಗ ಕುಳ್ಳಯ್ಯ ಚಿನಕುರಳಿ ಕಡೆಯ ಬಂಡೆಯಿಂದ ಗಾಡಿಯಲ್ಲಿ ಕಲ್ಲು ಹೇರಿಕೊಂಡು ಬರುವಾಗ ಗಾಡಿ ಮಗುಚಿ ಸತ್ತಿದ್ದ. ತಾಯಿ ಚಿಕ್ಕಬೋರಮ್ಮ ಒಬ್ಬಳೇ ಸಾಕಿದಳು. ಇರುವ ಒಬ್ಬ ಮಗಳನ್ನು ಹೊರಗೆ ಕೊಡದೆ ಶಿವಣ್ಣ ಎಂಬುವನನ್ನು ಮನೆ ಅಳಿಯನನ್ನಾಗಿ ತಂದುಕೊಂಡಳು. ಹಾಗಾಗಿ ಕುಳ್ಳಯ್ಯನ ಎಡೆ ಬೇರೆ ಮನೆಗೆ ಹೋಗಲಿಲ್ಲ, ಮಗಳ ಕೈಯಲ್ಲೇ ಉಳಿಯಿತು. ಬೈರಮ್ಮನಿಗೆ ಅಪ್ಪ ಅಂದರೆ ಆ ಪಟ. ಮಗ ರವೀಂದ್ರ ಹುಟ್ಟಿದಾಗ ಮಗುವನ್ನು ತಂದು ತೋರಿಸಿದ್ದು ಆ ಮುಖಕ್ಕೆ. ಗಂಡ ತೀರಿಕೊಂಡಾಗ ತಲೆ ಒರಗಿಸಿ ಅತ್ತದ್ದು ಆ ಗಾಜಿಗೆ.

ಸೋಮವಾರದ ದಿನ ಮಹದೇವಸ್ವಾಮಿ ಕಟ್ಟು ಬಿಚ್ಚಿದ. ಸುತ್ತ ಅಂಟಿಸಿದ್ದ ಕಪ್ಪು ಕಾಗದದ ಅಂಚನ್ನು ಹಾಗೇ ಬಿಟ್ಟು ನೋಡಿದರೆ ಪಟ ರಟ್ಟಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಹಳೇ ಫೋಟೋ ಹೀಗೆ ಅಂಟಿದ್ದರೆ ಎಳೆಯಬಾರದು. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ ಮಲಗಿಸಬೇಕು. ಮೈದಾ ಅಂಟು ನೆನೆದು ತಾನೇ ಬಿಡುತ್ತದೆ. ಫೋಟೋ ಹುಟ್ಟಿದ್ದೇ ನೀರಿನಲ್ಲಿ, ಅದು ನೀರಿಗೆ ಹೆದರುವುದಿಲ್ಲ. ಇದು ಅವರಪ್ಪನೇ ಹೇಳಿಕೊಟ್ಟ ಪಾಠ. ನೂರಾರು ಹಿರಿಯರಿಗೆ ಅವನು ಹೀಗೆ ಸ್ನಾನ ಮಾಡಿಸಿದ್ದ. ಕುಳ್ಳಯ್ಯನನ್ನೂ ಮಲಗಿಸಿ ಎದುರಿನ ಹೋಟೆಲಿಗೆ ಟೀ ಕುಡಿಯಲು ಹೋದ.

ವಾಪಸು ಬಂದು ನೋಡಿದಾಗ ತಟ್ಟೆಯ ನೀರು ಕಾಫಿ ಬಣ್ಣಕ್ಕೆ ತಿರುಗಿತ್ತು. ಎರಡು ಕೈಯಲ್ಲೂ ಎತ್ತಿದ. ಪೇಟ ಹೋಗಿತ್ತು. ಮೀಸೆ ಹೋಗಿತ್ತು. ವಿಭೂತಿ, ಒಂಟಿ, ಬಾರುಕೋಲು, ಯಾವುದೂ ಇಲ್ಲ. ಪೇಟವಿದ್ದ ಕಡೆ ಸುರುಳಿ ಸುರುಳಿಯಾಗಿ ಹೆಗಲವರೆಗೆ ಇಳಿದ ಬಿಳಿ ಕೂದಲಿನ ಟೋಪನ್ನು. ಅಂಗವಸ್ತ್ರವಿದ್ದ ಕಡೆ ಕುತ್ತಿಗೆಗೆ ಸುತ್ತಿದ ಜಾಲರಿ ಬಟ್ಟೆ. ಬಾರುಕೋಲಿದ್ದ ಕೈಯಲ್ಲಿ ಹಕ್ಕಿಯ ಗರಿಯ ಲೇಖನಿ. ಗುಂಡು ಕೆನ್ನೆಯ ಒಬ್ಬ ಬಿಳಿ ದೊರೆ, ಹೊಟ್ಟೆ ತುಂಬ ಊಟ ಮಾಡಿ ಈಗಷ್ಟೇ ಎದ್ದು ಬಂದವನ ಹಾಗೆ ಮಹದೇವಸ್ವಾಮಿಯನ್ನು ನೋಡುತ್ತಿದ್ದ.

"ಅಯ್ಯೋ ಶಿವನೇ" ಎಂದು ಕೂತುಬಿಟ್ಟ.

ಅದು ಫೋಟೋನೇ ಅಲ್ಲ. ಹತ್ತಿರದಿಂದ ನೋಡಿದರೆ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಸಾವಿರಾರು. ಕೆನ್ನೆಯ ನೆರಳು ಕೂಡ ಗೆರೆಯಿಂದಲೇ ಆಗಿತ್ತು. ಕಪ್ಪು ಅಂಚು ಉದುರಿದ ಕಡೆ ಕೆಳಗೆ ಇಂಗ್ಲಿಷ್ ಅಕ್ಷರಗಳಿದ್ದವು. ಆಗ ಅವನಿಗೆ ಚಿಕ್ಕಂದಿನದು ನೆನಪಾಯಿತು. ಶ್ರೀರಂಗಪಟ್ಟಣದ ಗುಜರಿಯಿಂದ ಅವರಪ್ಪ ಹಳೇ ಇಂಗ್ಲಿಷ್ ಪುಸ್ತಕಗಳ ಹಾಳೆ ತರುತ್ತಿದ್ದರು. ಖಾಲಿ ಕಟ್ಟುಗಳಿಗೆ ನಮೂನೆ ತೋರಿಸಲು ಅದರೊಳಗಿನ ದೊರೆಗಳ ಚಿತ್ರ ಹಾಕಿ ಅಂಗಡಿಯ ಮುಂದೆ ತೂಗುಹಾಕುತ್ತಿದ್ದರು. ಅಂಥ ಒಬ್ಬ ದೊರೆಯ ಮೇಲೆ ನೀರಿನ ಬಣ್ಣ ಬಳಿದು, ಇವನೇ ನಿನ್ನ ಗಂಡ ಎಂದು ಒಬ್ಬ ವಿಧವೆಯ ಕೈಗೆ ಕೊಟ್ಟಿದ್ದಾರೆ. ಅವಳ ಮಗಳು ಐವತ್ತೇಳು ವರ್ಷ ಆ ದೊರೆಗೆ ಮುದ್ದೆ ಬಡಿಸಿದ್ದಾಳೆ.

ರಟ್ಟಿನಿಂದ ಬಿಟ್ಟುಕೊಂಡ ಹಾಳೆಯನ್ನು ಮಗುಚಿ ಹಳೇ ಪೇಪರಿನ ಮೇಲೆ ಹಾಸುವಾಗ ಹಿಂಬದಿಯಲ್ಲಿ ಸೀಸದ ಕಡ್ಡಿಯ ಬರಹ ಕಂಡಿತು. ಅವರಪ್ಪನ ಕೈ. ಯಾರ ಕೆಲಸ ಹಿಡಿದರೂ ಬಣ್ಣ ಯಾವುದು, ಅಂಗಿ ಯಾವುದು ಎಂದು ಹಿಂದುಗಡೆ ಗುರುತು ಹಾಕಿಕೊಳ್ಳುವುದು ಅವರ ಪದ್ಧತಿ. 'ಕುಳ್ಳಯ್ಯ, ಕ್ಯಾತನಹಳ್ಳಿ. ಫೋಟೋ ಇಲ್ಲ. ಪೇಟ ಬಿಳಿದು. ಮೀಸೆ ಇಳಿದಿರಲಿ' ಎಂಬಲ್ಲಿಂದ ಅವನ ಕಣ್ಣು ಮುಂದಕ್ಕೆ ಹೋಗಲಿಲ್ಲ. ಮೋಸಕ್ಕೆ ಸಾಕ್ಷಿ ಬೇರೆ ಬೇಕೇ? ಹಾಳೆಯನ್ನು ಮತ್ತೆ ಮಗುಚಿ ಮೇಲೊಂದು ಪೇಪರು ಮುಚ್ಚಿದ. ಗೋಡೆಯ ಮೇಲೆ ಪುಟ್ಟ ಬಲ್ಬಿನ ಕೆಳಗೆ ಅವರಪ್ಪ ಕೂತಿದ್ದರು. ಅವರ ಕಡೆ ತಿರುಗಿ, "ಏನಪ್ಪ ಇದು ನೀನ್ ಮಾಡಿರೋದು? ಈ ಮುದುಕಿಗೆ ನಾನೇನಂತ ಯೇಳ್ಲಿ?" ಎಂದು ಜೋರಾಗಿಯೇ ಕೇಳಿದ. ಪೇಂಟರ್ ಮರಿಸ್ವಾಮಿ ಏನು ಹೇಳಿಯಾರು.

ಅವತ್ತು ಮಧ್ಯಾಹ್ನ ಒಂದು ಜೆರಾಕ್ಸ್ ತೆಗೆಸಿ ಅದರ ಮೇಲೆ ಮೀಸೆ ಬರೆದು ನೋಡಿದ. ನಾಟಕದ ದುಶ್ಶಾಸನನ ಹಾಗಾಯಿತು. ಪೇಟ ಬರೆದ, ಹೂಕೋಸಾಯಿತು. ಹರಿದು ಬುಟ್ಟಿಗೆ ಹಾಕಿ ರಂಜಿತಳಿಗೆ ಫೋನು ಮಾಡಿದ.

ರಂಜಿತ ಕಾಲೇಜು ಮುಗಿಸಿಕೊಂಡು ಸಂಜೆ ಐದಕ್ಕೆ ಬಂದಳು. ಪೇಪರು ಸರಿಸಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಬಗ್ಗಿ ಕೆಳಗಿನ ಅಕ್ಷರ ಓದಿದಳು.

"ಜೋಸಾಯ ಪೆಂಬ್ರಿಜ್, ಗ್ರಂಥಕರ್ತ, ಲಂಡನ್." ಫೋನಿನಲ್ಲಿ ಹುಡುಕಿದಳು. "ಇಂಗ್ಲಿಷ್ ಸಾಹಿತಿ ಅಂಕಲ್. ಪ್ರಬಂಧ ಬರೀತಿದ್ದನಂತೆ. ಸತ್ತು ಇನ್ನೂರೈವತ್ತು ವರ್ಷದ ಮೇಲಾಗಿದೆ. ಇದು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿರೋದು. ನಾನು ಇಂಗ್ಲಿಷ್ ಎಂಎ ಮಾಡಿದ್ದೀನಿ, ಇವನ ಹೆಸರೇ ಕೇಳಿಲ್ಲ. ಚಿಕ್ಕಂದಿನಿಂದ ಪರೀಕ್ಷೆಗೆ ಹೋಗುವಾಗೆಲ್ಲ ಇವನಿಗೇ ಕೈಮುಗಿದು ಹೋಗಿದ್ದೀನಲ್ಲ!" ನಗಲು ಹೋದಳು, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು.

"ನಿಮ್ಮಜ್ಜಿಗೆ ನಾನೇ ಯೇಳ್ತೀನಿ ಕಣವ್ವ. ತಪ್ಪು ನಮ್ಮಪ್ಪಂದು, ಕೆಡಿಸಿದ್ದು ನಾನು."

"ಬೇಡ ಅಂಕಲ್. ಹೇಳಲೇಬೇಡಿ. ಎಪ್ಪತ್ತನಾಲ್ಕು ವರ್ಷಕ್ಕೆ ಅಪ್ಪನನ್ನು ಕಿತ್ಕೊಂಡ್ರೆ ಅಜ್ಜಿ ತಡ್ಕೊಳ್ಳಲ್ಲ." ಅವಳು ಫೋನು ಉಜ್ಜುತ್ತಾ ಹೋಗಿ ಕಳೆದ ವರ್ಷದ ಎಡೆಯ ಫೋಟೋ ತೆಗೆದಳು. ಪಟ ನೇರವಾಗಿ, ಸ್ಪಷ್ಟವಾಗಿ ಬಂದಿತ್ತು. "ಇದನ್ನ ಲ್ಯಾಬಲ್ಲಿ ಅದೇ ಸೈಜಿಗೆ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಬಿಡಿ. ಅಜ್ಜಿಗೆ ಕಣ್ಣು ಮಂದ. ಗೊತ್ತಾಗಲ್ಲ."

ಮಹದೇವಸ್ವಾಮಿಗೆ ಹೋದ ಜೀವ ಬಂದಂತಾಯಿತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನಿಂದ ಪ್ರಿಂಟು ಬಂತು. ಹಳೇ ಕಟ್ಟಿಗೇ ಪಾಲಿಶ್ ಹೊಡೆದು, ಹೊಸ ಗಾಜು ಕೂರಿಸಿದ. ಅದೇ ಪೇಟ, ಅದೇ ಮೀಸೆ, ಅದೇ ಬಾರುಕೋಲು. ಸ್ವಲ್ಪ ಹೊಳಪು ಜಾಸ್ತಿ, ಅಷ್ಟೆ. ಬಿಳಿ ದೊರೆಯನ್ನು ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದ. ಆದರೂ ಮನಸ್ಸು ಮಾತ್ರ ಖಾನೆಯೊಳಗೇ ಇತ್ತು.

ಸಂಜೆ ನಾಲ್ಕೂವರೆಗೆ ಬೈರಮ್ಮ ಬಂದಳು. ತಲೆಗೆ ಎರೆದುಕೊಂಡಿದ್ದಳು, ಮಡಿಸೀರೆ ಉಟ್ಟಿದ್ದಳು. ಚಪ್ಪಲಿಯನ್ನು ಅಂಗಡಿಯ ಹೊರಗೇ ಬಿಟ್ಟಳು. ಅವನ ಅಂಗಡಿಗೆ ಯಾರೂ ಚಪ್ಪಲಿ ಬಿಟ್ಟು ಬಂದವರಿಲ್ಲ. ಪಟವನ್ನು ನೋಡಿ ಅವಳ ಮುಖ ಅರಳಿತು. ಎರಡೂ ಕೈಯಲ್ಲಿ ಗಾಜನ್ನು ಸವರಿ, "ಎಷ್ಟು ಲಕ್ಷಣವಾಗಿ ಮಾಡಿದ್ದೀಯಪ್ಪ, ನಿನ್ ಒಟ್ಟೆ ತಣ್ಗಿರ್ಲಿ" ಎಂದು ಮಹದೇವಸ್ವಾಮಿಯನ್ನು ಹರಸಿದಳು. ಆಮೇಲೆ ಪಟಕ್ಕೆ, "ನಡಿಯಪ್ಪ ಮನ್ಗೆ ಓಗವ. ನಾಕು ದಿನದಿಂದ ನೀರಿಲ್ಲ ನಿಡಿಯಿಲ್ಲ, ಅಸಿದಿದ್ದೀಯ" ಎಂದಳು.

ರಂಜಿತ ಬೇಗ ಬೇಗ ಟವಲು ಸುತ್ತಲು ಹೋದಳು. ಮಹದೇವಸ್ವಾಮಿ ಅವಳ ಕೈ ತಡೆದ. ಅವನಿಗೇ ಗೊತ್ತಿಲ್ಲದೆ ತಡೆದ. ಆ ಹಾರೈಕೆಯನ್ನು ಹೊತ್ತುಕೊಂಡು ಅವನಿಂದ ಕೂರಲು ಆಗಲಿಲ್ಲ.

"ಅವ್ವಾ, ಕೂತ್ಕೊ. ಒಂದ್ ಮಾತಯ್ತೆ."

"ಅಂಕಲ್!" ಎಂದಳು ರಂಜಿತ.

"ಇಲ್ಲ ಕಣವ್ವ. ನನ್ ಕೈಲಾಗಲ್ಲ." ಖಾನೆ ಎಳೆದು ದೊರೆಯ ಹಾಳೆಯನ್ನು ತೆಗೆದು ಬೈರಮ್ಮನ ಮುಂದೆ ಇಟ್ಟ. ಎಲ್ಲವನ್ನೂ ಹೇಳಿದ. ನೀರಿನಲ್ಲಿ ಮಲಗಿಸಿದ್ದು, ಬಣ್ಣ ಬಿಟ್ಟದ್ದು, ಒಳಗಿಂದ ಇವನು ಬಂದದ್ದು, ಇವನು ಇಂಗ್ಲೆಂಡಿನ ಯಾವನೋ ಪುಸ್ತಕ ಬರೆಯುವವನು, ಹೊಸ ಗಾಜಿನೊಳಗಿರುವುದು ಫೋನಿನಿಂದ ತೆಗೆಸಿದ ನಕಲು. "ನಮ್ಮಪ್ಪ ನಿಮ್ಮವ್ವಂಗೆ ಮೋಸ ಮಾಡ್ಬುಟ್ಟ ಕಣವ್ವ. ನಿಮ್ಮಪ್ಪನ ಫೋಟೋನೇ ಇರ್ಲಿಲ್ಲ."

ಬೈರಮ್ಮ ದೊರೆಯನ್ನು ನೋಡಿದಳು. ಬಿಚ್ಚಿದ ಟವಲನ್ನು ಮಡಿಲಲ್ಲಿಟ್ಟುಕೊಂಡು ಮಡಚುವುದಕ್ಕೆ ಶುರುಮಾಡಿದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ಹೊರಗೆ ಬಸ್ಸೊಂದು ಹಾರನ್ನು ಹೊಡೆಯುತ್ತಾ ನಿಂತಿತ್ತು. ಕೊನೆಗೆ ಅವಳು ತಲೆಯೆತ್ತಿ ಕೇಳಿದಳು.

"ಅಂಗಾರೆ ನಮ್ಮಪ್ಪ ಐವತ್ತೇಳು ವರ್ಸದಿಂದ ಉಪಾಸ ಅವ್ನಾ?"

"ಅಜ್ಜಿ, ಹಾಗೆಲ್ಲ..."

"ಸುಮ್ಕಿರು. ನಾನು ಎಲೆ ಆಕಿದ್ದು ಈ ಮೊಕಕ್ಕೆ. ಬಾ ಉಣ್ಣು ಅಂದಿದ್ದು ಈ ಮೊಕಕ್ಕೆ. ಇವ್ನು ಬಂದು ಉಂಡವ್ನೆ. ನಮ್ಮಪ್ಪ ಪ್ರತಿ ವರ್ಸ ಬಾಗ್ಲಿಗೆ ಬಂದು, ಒಳಗೆ ಯಾವನೋ ಕೂತು ಉಣ್ತಿರೋದ ನೋಡಿ, ಇದು ನನ್ ಮನೆ ಅಲ್ಲ ಅಂತ ವಾಪಸ್ ಒಂಟೋಗವ್ನೆ." ಮಡಚಿದ ಟವಲನ್ನು ಮುದುಡಿ ಹಿಡಿದಳು. "ಊರಲ್ಲಿ ಎಲ್ರ ಅಪ್ಪಂದಿರೂ ಉಂಡ್ರು. ನಮ್ಮಪ್ಪ ಒಬ್ನೇ ಅಸ್ಕೊಂಡವ್ನೆ."

ಮಹದೇವಸ್ವಾಮಿ ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಹಾಳೆ ಬಿತ್ತು. ನಿನ್ನೆ ಓದದೆ ಬಿಟ್ಟದ್ದು ನೆನಪಾಯಿತು. ಕುಳ್ಳಯ್ಯನ ಬಗ್ಗೆ ಈ ಭೂಮಿಯ ಮೇಲೆ ಉಳಿದಿರುವುದು ಅದೊಂದೇ. ಮೋಸದ ಲೆಕ್ಕವೇ ಆಗಲಿ, ಅವಳ ಅಪ್ಪನ ಹೆಸರಂತೂ ಅದರಲ್ಲಿದೆ. ಅವನು ಹಾಳೆಯನ್ನು ಮಗುಚಿದ.

"ಅವ್ವಾ, ಇದ್ರ ಇಂದೆ ನಮ್ಮಪ್ಪ ಏನೋ ಬರ್ದವ್ನೆ. ನಿಮ್ಮಪ್ಪನ ಎಸ್ರಯ್ತೆ. ಓದ್ಲಾ?"

ಬೈರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಹೂಂ ಎಂದಳು. ಅವನು ಬಾಗಿಲ ಬೆಳಕಿಗೆ ಹಿಡಿದು, ಅಳಿಸಿದ ಕಡೆ ತಡೆತಡೆದು ಓದಿದ.

"ಕುಳ್ಳಯ್ಯ, ಕ್ಯಾತನಹಳ್ಳಿ. ಫೋಟೋ ಇಲ್ಲ. ಪೇಟ ಬಿಳಿದು. ಮೀಸೆ ಇಳಿದಿರಲಿ. ಇದು ಅವರ ಮನೆಯಾಕೆ ಹೇಳಿದ್ದು. ಹೆಸರು ಕುಳ್ಳಯ್ಯ ಆದರೂ ಎತ್ತರದ ಆಳು. ಬಲಗಿವಿಯಲ್ಲಿ ಒಂಟಿ. ಎಡಹುಬ್ಬಿನಲ್ಲಿ ಕೂದಲಿಲ್ಲದ ಗೀರು, ಕರು ಒದ್ದದ್ದು. ಮುಂದಿನ ಹಲ್ಲು ಮುರಿದಿತ್ತು, ನಕ್ಕರೆ ಬಾಯಿಗೆ ಟವಲು ಅಡ್ಡ ಹಿಡಿಯುತ್ತಿದ್ದರು. ದಾರಿಯಲ್ಲಿ ಯಾರ ಎತ್ತು ಕಂಡರೂ ಮಾತಾಡಿಸದೆ ಮುಂದೆ ಹೋದವರಲ್ಲ. ಇದನ್ನು ಚಿತ್ರದಲ್ಲಿ ತರಲಾಗದು ಎಂದೆ, ಆದರೂ ಬರೆದುಕೊಳ್ಳಿ ಎಂದರು."

ಬೈರಮ್ಮ ಮಡಿಲ ಟವಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ಮಹದೇವಸ್ವಾಮಿ ಮುಂದೆ ಓದಿದ.

"ಕೊನೆಗೆ ಹೇಳಿದ್ದು. ಆ ದಿನ ಬೆಳಿಗ್ಗೆ ಗಂಡ ಹೆಂಡತಿಗೆ ಜಗಳವಾಗಿ ಉಣ್ಣದೆ ಗಾಡಿ ಕಟ್ಟಿದರು. ಹೆಣ ತಂದಾಗ ಮುದ್ದೆ ಇನ್ನೂ ಗಂಗಳದಲ್ಲೇ ಇತ್ತು. ಮುಖ ಹಸಿದ ಹಾಗೆ ಕಾಣಬಾರದು, ಕೆನ್ನೆ ತುಂಬಿರಲಿ. ಇದನ್ನು ಮೂರು ಸಲ ಹೇಳಿದರು. ಬಹಳ ಅತ್ತರು. ನನ್ನ ಹತ್ತಿರ ಇರುವುದರಲ್ಲಿ ಕೆನ್ನೆ ತುಂಬಿದ ಚಿತ್ರ ಇದೊಂದೇ. ಇವನು ಬಿಳಿ ದೊರೆ, ನಿಮ್ಮವರಲ್ಲ ಎಂದು ತೋರಿಸಿ ಹೇಳಿದೆ. ಆಕೆ ನೋಡಿ, ಉಂಡವನ ಹಾಗವನೆ, ಇದೇ ಇರಲಿ, ಮಗಳಿಗೆ ಹೇಳಬೇಡಿ ಎಂದರು."

ಅಷ್ಟೇ. ಕೆಳಗೆ ಅವರಪ್ಪನ ಸಹಿ, ತಾರೀಖು.

ಮಹದೇವಸ್ವಾಮಿ ಗೋಡೆಯ ಕಡೆ ನೋಡಲಿಲ್ಲ. ಅಪ್ಪನನ್ನು ಮೋಸಗಾರನೆಂದು ಬೈದ ಬಾಯನ್ನು ಅಪ್ಪನೆದುರು ಹೇಗೆ ತೆರೆಯುವುದು? ರಂಜಿತ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದಳು.

ಬೈರಮ್ಮನ ಗಂಟಲಿನಿಂದ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ. "ಅದ್ಕಾ ಅವ್ವಾ" ಎಂದಳು. "ಅದ್ಕೇ ಏನೇ ನೀನು ಒತ್ತುಟ್ಟೋಕ್ ಮುಂಚೆ ಎಬ್ಬಿಸ್ತಿದ್ದಿದ್ದು? ಐವತ್ತೇಳು ವರ್ಸ ಬೆಳಗಾನೆ ಎದ್ದು ಮುದ್ದೆ ತೊಳಸ್ದೆ. ಯಾಕವ್ವಾ ಅಂದ್ರೆ ಬಯ್ತಿದ್ದೆ. ಗಾಡಿ ಕಟ್ಟೋಕ್ ಮುಂಚೆ ಉಣ್ಲಿ ಅಂತ ತಾನೇ? ಒಂದ್ ದಪನಾರೂ ಯೇಳ್ಬಾರ್ದಾಗಿತ್ತಾ ನನ್ ತಾಯಿ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ತಡೆಯಲಿಲ್ಲ.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಎದ್ದು ನಿಂತಳು. ಹೊಳೆಯುವ ಹೊಸ ಪಟವನ್ನು ಮಹದೇವಸ್ವಾಮಿಯ ಕಡೆಗೆ ತಳ್ಳಿದಳು. "ಇದ ಬಿಚ್ಬುಡು. ನಂಗೆ ಈ ಬರ್ದಿರೋದ್ಕೆ ಕಟ್ಟು ಆಕ್ಕೊಡು. ನಮ್ಮಪ್ಪ ಇದ್ರಾಗವ್ನೆ."

"ದೊರೆ ಮೊಕ ಇಂದಕ್ಕೆ ಮಾಡ್ಲಾ?"

ಬೈರಮ್ಮ ಯೋಚಿಸಿದಳು. ಹಾಳೆಯನ್ನು ಮಗುಚಿಸಿ ದೊರೆಯನ್ನು ಇನ್ನೊಮ್ಮೆ ನೋಡಿದಳು. "ಬ್ಯಾಡ. ನಮ್ಮವ್ವ ಒಪ್ಪಿ ಕರ್ಕೊಂಡು ಬಂದಿರೋ ಮನ್ಸ. ಐವತ್ತೇಳು ವರ್ಸ ನಮ್ಮನೆ ಅನ್ನ ಉಂಡವ್ನೆ, ನನ್ ಅಳು ನೋಡವ್ನೆ. ಅವ್ನಿಗೂ ಯಾರವ್ರೆ ಪಾಪ ಎಡೆ ಇಕ್ಕೋರು? ಗ್ವಾಡೆ ಕಡೆ ಮೊಕ ಮಾಡಿ ಕೂರ್ಸೋದು ಬ್ಯಾಡ. ಎರಡೂ ಕಡೀಕೂ ಗಾಜು ಆಕು."

"ಅವರ ದೇಶದಲ್ಲಿ ಮುದ್ದೆ ತಿನ್ನಲ್ಲ ಅಜ್ಜಿ" ಎಂದಳು ರಂಜಿತ, ಕಣ್ಣೊರೆಸಿಕೊಳ್ಳುತ್ತಾ.

"ಇಷ್ಟು ವರ್ಸದಲ್ಲಿ ಕಲ್ತವ್ನೆ ಬುಡು" ಎಂದಳು ಬೈರಮ್ಮ. "ಮಾದೇವ, ನಾಳೆ ನೀನೂ ಬಾ. ನಿಮ್ಮಪ್ಪ ಬರ್ದಿದ್ದು, ನೀನೇ ಓದ್ಬೇಕು."

ಅವರಿಬ್ಬರೂ ಕೂತಿದ್ದ ಹಾಗೆಯೇ ಅವನು ಕೆಲಸ ಮಾಡಿದ. ನಲವತ್ತು ವರ್ಷದಲ್ಲಿ ಎರಡು ಕಡೆ ಗಾಜಿನ ಕಟ್ಟು ಅವನು ಮಾಡಿರಲಿಲ್ಲ. ಬೆನ್ನಿಗೆ ರಟ್ಟಿಲ್ಲ, ನೇತುಹಾಕಲು ಕೊಂಡಿಯಿಲ್ಲ. ಕೆಳಗೆ ಎರಡು ಮರದ ಕಾಲು ಕೂರಿಸಿ ತಾನೇ ನಿಲ್ಲುವ ಹಾಗೆ ಮಾಡಿದ.

ಅಮಾವಾಸ್ಯೆಯ ಬೆಳಿಗ್ಗೆ ಇನ್ನೂ ಮಸುಕು ಮಸುಕು ಇರುವಾಗ ಮಹದೇವಸ್ವಾಮಿ ಕ್ಯಾತನಹಳ್ಳಿ ಮುಟ್ಟಿದ. ಕಬ್ಬಿನ ಗದ್ದೆಗಳ ಮೇಲೆ ಮಂಜು ಕೂತಿತ್ತು. ಬೈರಮ್ಮನ ಮನೆಯ ನಡುಮನೆಯಲ್ಲಿ ಮಣೆಯ ಮೇಲೆ ಪಟ ನಿಂತಿತ್ತು. ಆ ಕಡೆಗೊಂದು ಎಡೆ, ಈ ಕಡೆಗೊಂದು ಎಡೆ. ದೊರೆಯ ಮುಂದೆ ಎಲೆಯಲ್ಲಿ ಒಂದು ಮುದ್ದೆ, ಅವರೆಕಾಳಿನ ಸಾರು. ಬರಹದ ಮುಂದೆ ಹೊಸ ಪಂಚೆ, ಪೇಟ, ಮತ್ತು ಎಲೆಯ ಬದಲು ಒಂದು ಹಳೇ ಕಂಚಿನ ಗಂಗಳ. ಅದರಲ್ಲಿ ಹಬೆಯಾಡುವ ಮುದ್ದೆ.

"ಓದಪ್ಪ" ಎಂದಳು ಬೈರಮ್ಮ.

ಅವನು ನಿಂತು ಓದಿದ. ಮಗ ರವೀಂದ್ರ, ಸೊಸೆ, ರಂಜಿತ ಕೈಮುಗಿದು ಕೇಳಿದರು. ಎತ್ತರದ ಆಳು, ಕರು ಒದ್ದ ಗೀರು, ಬಾಯಿಗೆ ಅಡ್ಡ ಹಿಡಿದ ಟವಲು. ರವೀಂದ್ರ ತನಗೇ ತಿಳಿಯದೆ ತನ್ನ ಹುಬ್ಬು ಮುಟ್ಟಿಕೊಂಡ. ಮುದ್ದೆ ಗಂಗಳದಲ್ಲೇ ಇತ್ತು ಎನ್ನುವಲ್ಲಿ ಮಹದೇವಸ್ವಾಮಿ ಕನ್ನಡಕ ತೆಗೆದು ಒರೆಸಿದ. ಮತ್ತೆ ಏರಿಸಿಕೊಂಡು ಓದಿ ಮುಗಿಸಿದ.

ಬೈರಮ್ಮ ಮಂಡಿಯೂರಿ ಕೂತಳು. ದೊರೆಯ ಕಡೆ ತಿರುಗಿ, "ನೀನು ಉಣ್ಣಪ್ಪ, ಸಂಕೋಚ ಬ್ಯಾಡ" ಎಂದಳು. ಆಮೇಲೆ ಈ ಕಡೆ ಬಂದು, ಗಂಗಳವನ್ನು ಒಂದಿಷ್ಟು ಪಟದ ಹತ್ತಿರಕ್ಕೆ ಸರಿಸಿ, ಗಾಜಿನ ಮೇಲೆ ಕೈಯಿಟ್ಟಳು.

"ಅಪ್ಪಾ, ನಾನು ಬೈರಿ. ನಿನ್ ಮಗ್ಳು. ಅವ್ವ ತಪ್ಪಾಯ್ತು ಅಂತ ಬರ್ಸವ್ಳೆ, ನೋಡು. ಜಗಳ ಮುಗೀತು. ಉಂಡು ಗಾಡಿ ಕಟ್ಟು."

ಎದ್ದು ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು ಬಾಗಿಲು ಎಳೆದಳು. ಜಗುಲಿಯ ಮೇಲೆ ಸಾಲಾಗಿ ಕೂತರು. ಬೇರೆ ವರ್ಷಗಳಲ್ಲಿ ಒಂದು ಬೀಡಿ ಸೇದುವಷ್ಟು ಹೊತ್ತು ಕಾದು ಬಾಗಿಲು ತೆಗೆಯುತ್ತಿದ್ದರಂತೆ. ಅವತ್ತು ಬಿಸಿಲು ಅಂಗಳಕ್ಕೆ ಇಳಿದು ಅವರ ಕಾಲಿನವರೆಗೂ ಬಂತು. ಕೊಟ್ಟಿಗೆಯಲ್ಲಿ ಹಸು ಕೂಗಿತು, ಡೈರಿಗೆ ಹಾಲು ಹಾಕುವ ಹೊತ್ತು ಮೀರಿತು. ಬೈರಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು.

"ನಿಧಾನವಾಗಿ ಉಣ್ಲಿ" ಎಂದಳು. ಯಾರೂ ಏಳಲಿಲ್ಲ.